ಬಸುರಿಯ ತೂಕ, ಬಸುರಿಯ ನಡಿಗೆ: ಹೆರಿಗೆಗೆ ಏನು ಸಂಬಂಧ?

ನನ್ನ ತಂಗಿ ಮತ್ತು ಅವಳ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹುಡುಗಿ, ಇಬ್ಬರಿಗೂ ಒಂದೇ ಸಮಯಕ್ಕೆ ಆರು ತಿಂಗಳು ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಎಂಟನೇ ಮಹಡಿಯ ಫ್ಲ್ಯಾಟು. ತಂಗಿ ಸೋಫಾದ ಮೇಲೆ ಕಾಲು ಚಾಚಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದಳು. ಅವಳ ಅತ್ತೆ ಬಾದಾಮಿ ಹಾಲು ತಂದುಕೊಟ್ಟು "ಏಳಬೇಡಮ್ಮಾ, ನಾನಿದ್ದೀನಲ್ಲ" ಅನ್ನುತ್ತಿದ್ದರು. ಆ ಹುಡುಗಿ ಅದೇ ಸೋಫಾದ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು. ಅವಳಿಗೆ ಅದು ಆ ದಿನದ ಮೂರನೇ ಮನೆ. ಅವಳನ್ನು ನೋಡಿ ಅದೇ ಅತ್ತೆ ಒಂದಿನ ಹೇಳಿದರು: "ಇವಳಿಗೇನು ಬಿಡು, ಮೈ ಬಗ್ಗಿಸಿ ಕೆಲಸ ಮಾಡ್ತಾಳೆ, ಹೆರಿಗೆ ಸಲೀಸು."

ಒಬ್ಬಳಿಗೆ ಅಲುಗಾಡಬೇಡ, ಇನ್ನೊಬ್ಬಳಿಗೆ ಅಲುಗಾಡಿದರೇ ಒಳ್ಳೆಯದು. ಅವರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಈ ಎರಡೂ ಮಾತು ಒಟ್ಟಿಗೇ ಇರುತ್ತವೆ. ಎರಡರಲ್ಲೂ ಅರ್ಧ ನಿಜ ಇದೆ. ಆದರೆ ಯಾರಿಗೆ ಯಾವ ಮಾತು ಹೇಳಬೇಕಿತ್ತೋ ಅದು ಅದಲು ಬದಲಾಗಿತ್ತು.

ಮೊದಲು ತೂಕದ ಲೆಕ್ಕ ನೋಡೋಣ. ದಿನ ತುಂಬುವ ಹೊತ್ತಿಗೆ ಸುಮಾರು 12 ಕೆ.ಜಿ. ಜಾಸ್ತಿಯಾಗಿದೆ ಅಂದುಕೊಳ್ಳಿ. ಅದರಲ್ಲಿ ಮಗು 3 ಕೆ.ಜಿ. ಮಾಸು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಮಗುವಿನ ಸುತ್ತಲಿನ ನೀರು ಮುಕ್ಕಾಲು ಕೆ.ಜಿ.ಯ ಆಸುಪಾಸು. ಹಿಗ್ಗಿದ ಗರ್ಭಕೋಶವೇ ಒಂದು ಕೆ.ಜಿ. ಸ್ತನಗಳು ಅರ್ಧ ಕೆ.ಜಿ.ಯಷ್ಟು. ಹೊಸದಾಗಿ ಸೇರಿದ ರಕ್ತ ಒಂದೂಕಾಲು ಒಂದೂವರೆ ಕೆ.ಜಿ. ಯಾಕೆಂದರೆ ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಕಾಲು ಊದುತ್ತದಲ್ಲ, ಆ ನೀರಿನ ಪಾಲು ಇನ್ನೊಂದೂವರೆ ಕೆ.ಜಿ. ಉಳಿದ ಮೂರು ಕೆ.ಜಿ. ಕೊಬ್ಬು. ಇದು ಮುಂದೆ ಹಾಲೂಡಿಸುವ ತಿಂಗಳುಗಳಿಗೆ ಅಂತ ಮೈ ತಾನೇ ಎತ್ತಿಟ್ಟುಕೊಳ್ಳುವ ಬುತ್ತಿ.

ಮಗು, ಮಾಸು, ನೀರು, ರಕ್ತ ಇವೆಲ್ಲ ಎಲ್ಲ ತಾಯಂದಿರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಬ್ಬಳು 12 ಕೆ.ಜಿ. ಏರಿ ಇನ್ನೊಬ್ಬಳು 22 ಏರಿದರೆ, ಆ ಹೆಚ್ಚಿನ ಹತ್ತರಲ್ಲಿ ಬಹುಪಾಲು ಬುತ್ತಿಗೇ ಸೇರಿದ್ದು. ಮಗುವಿಗೆ ಹೋದದ್ದಲ್ಲ.

ಎಷ್ಟು ಏರಬೇಕು ಅನ್ನುವುದು ಬಸಿರಾಗುವ ಮೊದಲು ಎಷ್ಟಿದ್ದಿರಿ ಅನ್ನುವುದರ ಮೇಲೆ ನಿಂತಿದೆ. ಇದನ್ನು ಅಳೆಯುವುದು ಬಿಎಂಐ ಲೆಕ್ಕದಲ್ಲಿ. ಕೆ.ಜಿ.ಯಲ್ಲಿ ತೂಕ, ಅದನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯನ್ನೇ ಇವತ್ತಿಗೂ ಬಹಳ ಕಡೆ ಡಾಕ್ಟರುಗಳು ನೋಡುತ್ತಾರೆ. ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ 12.5ರಿಂದ 18 ಕೆ.ಜಿ. ಏರಬೇಕು. 18.5ರಿಂದ 24.9 ಇದ್ದರೆ 11.5ರಿಂದ 16. 25ರಿಂದ 29.9 ಇದ್ದರೆ 7ರಿಂದ 11.5. 30 ದಾಟಿದ್ದರೆ 5ರಿಂದ 9 ಸಾಕು. ನಮ್ಮವರ ಮೈಕಟ್ಟು ಸಣ್ಣದು. ಹಾಗಾಗಿ ಇಲ್ಲಿ ಮಾಮೂಲಿ ತೂಕದ ಹೆಣ್ಣಿಗೆ 10ರಿಂದ 12 ಕೆ.ಜಿ. ಅನ್ನುವ ಮಾತೇ ಹೆಚ್ಚು ಕೇಳುತ್ತೇವೆ. ಇನ್ನೊಂದು ವಿಷಯ: ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಅದಕ್ಕೇ ನಮ್ಮ ಡಾಕ್ಟರುಗಳು ಬಿಎಂಐ 23 ದಾಟಿದರೆ ತೂಕ ಜಾಸ್ತಿ ಅನ್ನುತ್ತಾರೆ, 25 ದಾಟಿದರೆ ಬೊಜ್ಜು ಅಂತಲೇ ಎಣಿಸುತ್ತಾರೆ.

ತಂಗಿ 158 ಸೆಂಟಿಮೀಟರ್ ಎತ್ತರ, ಬಸಿರಾಗುವಾಗ 71 ಕೆ.ಜಿ. ಬಿಎಂಐ 28 ದಾಟಿತ್ತು. ಒಂಬತ್ತು ತಿಂಗಳಿಗೆ ಅವಳ ಪಾಲು 7ರಿಂದ 11.5 ಕೆ.ಜಿ. ಆರನೇ ತಿಂಗಳು ಮುಗಿಯುವ ಮೊದಲೇ 11 ಏರಿಬಿಟ್ಟಿದ್ದಳು. ಆ ಹುಡುಗಿ 150 ಸೆಂಟಿಮೀಟರ್, 41 ಕೆ.ಜಿ. ಬಿಎಂಐ 18ರ ಚಿಲ್ಲರೆ. ಅವಳ ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಬರೆದ ತೂಕಗಳನ್ನು ನಾನೇ ನೋಡಿದೆ. 41, 42, 42, 43.5. ಅಂದರೆ ಇಡೀ ಆರು ತಿಂಗಳಿಗೆ ಎರಡೂವರೆ ಕೆ.ಜಿ.

"ಇಬ್ಬರ ಊಟ ಮಾಡು" ಅನ್ನುವ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದ್ದು 350 ಕ್ಯಾಲೊರಿ. ಎರಡು ಸಣ್ಣ ಚಪಾತಿ, ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಲೋಟ ಮಜ್ಜಿಗೆ. ಅಷ್ಟೇ. ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ನಮ್ಮಲ್ಲೇ ಇದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮಾರ್ಕ್ ಮತ್ತು ಮಿಮಿ ನಿಕ್ಟರ್ ಅನ್ನುವ ಮಾನವಶಾಸ್ತ್ರಜ್ಞ ದಂಪತಿ 1983ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಹೊಟ್ಟೆಯೊಳಗೆ ಅನ್ನಕ್ಕೂ ಮಗುವಿಗೂ ಇರುವುದು ಒಂದೇ ಜಾಗ, ಜಾಸ್ತಿ ಉಂಡರೆ ಮಗುವಿಗೆ ಇಕ್ಕಟ್ಟಾಗುತ್ತದೆ ಅಂತ ಅಲ್ಲಿನ ಹೆಂಗಸರು ಕಡಿಮೆ ಉಣ್ಣುತ್ತಿದ್ದರು. ಮಗು ದಪ್ಪಗಾದರೆ ಹೆರಿಗೆ ಕಷ್ಟ ಅನ್ನುವ ಹೆದರಿಕೆಯೂ ಇತ್ತು. ಆಸ್ಪತ್ರೆ ದೂರ, ಹೆರಿಗೆ ಮನೆಯಲ್ಲೇ ಅನ್ನುವ ಕಾಲದಲ್ಲಿ ಆ ಹೆದರಿಕೆ ಮೂರ್ಖತನ ಆಗಿರಲಿಲ್ಲ.

ಈಗ ತೂಕ ಜಾಸ್ತಿಯಾದರೆ ಹೆರಿಗೆಗೆ ಏನಾಗುತ್ತದೆ ಅಂತ ನೋಡೋಣ. ಇದರ ನಡುಮಧ್ಯ ಇರುವುದು ಸಕ್ಕರೆ. ಬಸಿರಿನ ಮಧ್ಯಭಾಗ ದಾಟುತ್ತಿದ್ದಂತೆ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ತಾಯಿಯ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಅವು ತಡೆಯುತ್ತವೆ. ಇದು ರೋಗವಲ್ಲ, ಉಪಾಯ. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೊತ್ತು ಜಾಸ್ತಿ ನಿಂತರೆ ಮಗುವಿಗೆ ಹೆಚ್ಚು ಸಿಗಲಿ ಅಂತ. ತೆಳ್ಳಗಿನ, ಓಡಾಡುವ ತಾಯಿಯ ಮೈ ಇನ್ನಷ್ಟು ಇನ್ಸುಲಿನ್ ಮಾಡಿ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಮೊದಲೇ ಕೊಬ್ಬು ಜಾಸ್ತಿ ಇದ್ದರೆ, ಅಥವಾ ಮನೆತನದಲ್ಲಿ ಸಕ್ಕರೆ ಇದ್ದರೆ, ಸರಿದೂಗಿಸಲು ಆಗುವುದಿಲ್ಲ. ಸಕ್ಕರೆ ಮಾಸಿನ ಮೂಲಕ ಮಗುವಿಗೆ ಸಲೀಸಾಗಿ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗು ತಾನೇ ಇನ್ಸುಲಿನ್ ಸುರಿಸಲು ಶುರು ಮಾಡುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಇನ್ಸುಲಿನ್ ಅಂದರೆ ಬೆಳವಣಿಗೆಯ ಗೊಬ್ಬರ ಇದ್ದಂತೆ. ಹೊಟ್ಟೆ, ಭುಜ ದಪ್ಪಗಾಗುತ್ತವೆ. ತಲೆ ಅಷ್ಟೇನೂ ದೊಡ್ಡದಾಗುವುದಿಲ್ಲ.

ಹೆರಿಗೆಯ ಹೊತ್ತಿನಲ್ಲಿ ತೊಂದರೆ ಕೊಡುವುದು ಇದೇ. ಸಾಮಾನ್ಯವಾಗಿ ತಲೆ ಹೊರಗೆ ಬಂದರೆ ಕಷ್ಟ ಮುಗಿದ ಹಾಗೆ. ಇಲ್ಲಿ ತಲೆ ಬಂದ ಮೇಲೆ ಭುಜ ಸಿಕ್ಕಿಕೊಳ್ಳಬಹುದು. ಡಾಕ್ಟರುಗಳು ತುಂಬಾ ಹೆದರುವ ಕ್ಷಣ ಅದು. ಅದಕ್ಕೇ ಮಗು ದೊಡ್ಡದಿದೆ ಅನ್ನಿಸಿದರೆ ಕೆಲವು ಸಲ ಮೊದಲೇ ಆಪರೇಷನ್ ನಿರ್ಧಾರ ಆಗುತ್ತದೆ. ಇದರ ಜೊತೆಗೆ, ತೂಕ ತುಂಬಾ ಇರುವ ತಾಯಂದಿರಲ್ಲಿ ಗರ್ಭಕೋಶದ ಬಾಯಿ ತೆರೆಯುವುದು ನಿಧಾನ, ನೋವು ಬಂದರೂ ಮುಂದುವರಿಯುವುದು ತಡ. ರಕ್ತದೊತ್ತಡ ಏರುವುದೂ ಜಾಸ್ತಿ. ಆಪರೇಷನ್ ಆದರೆ ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದಿಗೆ ಜಾಗ ಸಿಗುವುದು ಕಷ್ಟ, ಹೊಲಿಗೆ ಮಾಯುವುದೂ ತಡ.

ಈ ಸಕ್ಕರೆಯ ಕಥೆಯಲ್ಲಿ ನಮ್ಮ ಮೈಸೂರಿಗೆ ದೊಡ್ಡ ಪಾತ್ರವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಊರಿನವರು ಮಿಷನ್ ಆಸ್ಪತ್ರೆ ಅನ್ನುತ್ತಾರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲವನ್ನೂ ಬರೆದಿಟ್ಟಿದ್ದರು. ಸಂಶೋಧಕರು 1990ರ ದಶಕದಲ್ಲಿ ಆ ಪುಸ್ತಕಗಳನ್ನು ಹಿಡಿದುಕೊಂಡು, ಆಗ ನಡುವಯಸ್ಸಿಗೆ ಬಂದಿದ್ದ ಆ 'ಮಕ್ಕಳನ್ನು' ಹುಡುಕಿದರು. ಹುಟ್ಟುವಾಗ ಗಿಡ್ಡಗೆ ಗುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತು. ಅಲ್ಲಿಂದ ಮುಂದೆ 1997ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ ಆರು ಮಂದಿಗೆ ಬಸಿರಿನ ಸಕ್ಕರೆ ಇತ್ತು. ಆ ತಾಯಂದಿರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಐದು ವರ್ಷಕ್ಕೇ ಬೇರೆ ಮಕ್ಕಳಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡಿದ್ದರು. ಹೆರಿಗೆ ಕೋಣೆಯಲ್ಲಿ ಮುಗಿಯುವ ವಿಷಯ ಇದಲ್ಲ ಅಂತ ಗೊತ್ತಾದದ್ದು ಹೀಗೆ.

ತಂಗಿಗೂ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 140 ದಾಟಬಾರದು, 152 ಬಂತು. ಅವಳ ಡಾಕ್ಟರ್ ಮಾತ್ರೆ ಬರೆಯಲಿಲ್ಲ. "ಮೂರು ಹೊತ್ತೂ ಊಟ ಆದ ಮೇಲೆ ಹದಿನೈದು ನಿಮಿಷ ನಡೀರಿ. ಎರಡು ವಾರ ಬಿಟ್ಟು ನೋಡೋಣ" ಅಂದರು.

ಊಟ ಆದ ಮೇಲೇ ಯಾಕೆ? ಮಾಮೂಲಿಯಾಗಿ ರಕ್ತದ ಸಕ್ಕರೆ ಸ್ನಾಯುವಿನೊಳಗೆ ಹೋಗಬೇಕಾದರೆ ಇನ್ಸುಲಿನ್ ಬಂದು ಬಾಗಿಲು ತೆಗೆಯಬೇಕು. ನಡೆಯುತ್ತಿರುವ ಕಾಲಿನ ಸ್ನಾಯು ಮಾತ್ರ ಅದಕ್ಕೆ ಕಾಯುವುದಿಲ್ಲ. ತಾನೇ ಬಾಗಿಲು ತೆಗೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಾಸು ಇನ್ಸುಲಿನ್ನಿನ ದಾರಿಗೆ ಅಡ್ಡ ನಿಂತಿದ್ದರೆ, ನಡಿಗೆ ಹಿತ್ತಲ ಬಾಗಿಲಿನಿಂದ ಕೆಲಸ ಮುಗಿಸುತ್ತದೆ. ತಂಗಿ ಎಂಟನೇ ಮಹಡಿಯ ಕಾರಿಡಾರಿನಲ್ಲೇ ಲಿಫ್ಟಿನಿಂದ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಲಿಫ್ಟಿನವರೆಗೆ ತಿರುಗಿದಳು. ಅತ್ತೆ ಬಾಗಿಲಲ್ಲಿ ನಿಂತು "ಸಾಕು ಬಾರಮ್ಮ" ಅಂತಲೇ ಇದ್ದರು.

ಅವರ ಭಯಕ್ಕೂ ಒಂದು ಇತಿಹಾಸವಿದೆ. ತಾಯಿ ಓಡಾಡಿದರೆ ರಕ್ತ ಕೈಕಾಲಿಗೆ ಹೋಗಿ ಮಗುವಿಗೆ ಕಡಿಮೆಯಾಗುತ್ತದೆ ಅಂತ ಡಾಕ್ಟರುಗಳೂ ಹೆದರಿದ್ದ ಕಾಲ ಇತ್ತು. 1985ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ ಎಸಿಒಜಿ, ಬಸುರಿಯ ಎದೆಬಡಿತ 140 ದಾಟಬಾರದು, ಜೋರಾದ ವ್ಯಾಯಾಮ 15 ನಿಮಿಷ ಮೀರಬಾರದು ಅಂದಿತ್ತು. 1994ರಲ್ಲಿ ಅದನ್ನು ಕೈಬಿಟ್ಟಿತು. ಹದವಾಗಿ ನಡೆದರೆ, ಹೆಚ್ಚಿದ ರಕ್ತವೇ ಆ ಕೊರತೆಯನ್ನು ತುಂಬಿಬಿಡುತ್ತದೆ. ಮಗುವಿನ ಎದೆಬಡಿತ ಸ್ವಲ್ಪ ಏರಿ, ತಾಯಿ ಕೂತ ಮೇಲೆ ಇಳಿಯುತ್ತದೆ. ಈಗ ಎಸಿಒಜಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು ಒಂದೇ: ತೊಂದರೆ ಇಲ್ಲದ ಬಸುರಿ ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ ಮಾಡಬೇಕು. ಹದ ಅಂದರೆ? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ.

ಹಾಗಾದರೆ ನಡೆದರೆ ನಾರ್ಮಲ್ ಹೆರಿಗೆ ಆಗುತ್ತಾ? ಎಲ್ಲರೂ ಕೇಳುವ ಪ್ರಶ್ನೆ ಇದೇ. ಯೂಟ್ಯೂಬಿನಲ್ಲಿ ಇದಕ್ಕೆ ಕೊಡುವ ಉತ್ತರ ಬಹಳ ಜೋರಾಗಿದೆ. ನಿಜವಾದ ಉತ್ತರ ಅಷ್ಟು ಜೋರಿಲ್ಲ. 2016ರಲ್ಲಿ ಮಾಮೂಲಿ ತೂಕದ ಸುಮಾರು 2,000 ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ವ್ಯಾಯಾಮ ಮಾಡದ ಗುಂಪಿನಲ್ಲಿ ನೂರಕ್ಕೆ 22 ಸಿಸೇರಿಯನ್, ಮಾಡಿದ ಗುಂಪಿನಲ್ಲಿ 18. ಬಸಿರಿನ ಸಕ್ಕರೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಅವಧಿಗೆ ಮೊದಲೇ ಹೆರಿಗೆ ಆಗುವುದೇನೂ ಹೆಚ್ಚಿರಲಿಲ್ಲ. ಅತ್ತೆಯಂದಿರ ದೊಡ್ಡ ಭಯ ಅದೇ ತಾನೇ. 2017ರಲ್ಲಿ ಹಲವು ದೇಶಗಳ 12,500 ಹೆಂಗಸರ ಲೆಕ್ಕ ಒಟ್ಟು ಸೇರಿಸಿದಾಗ, ಊಟ ಮತ್ತು ವ್ಯಾಯಾಮದ ಮೇಲೆ ಕಣ್ಣಿಟ್ಟವರ ತೂಕ ಸರಾಸರಿ 700 ಗ್ರಾಂ ಕಡಿಮೆ ಏರಿತ್ತು, ಸಿಸೇರಿಯನ್ ಸಾಧ್ಯತೆ ಸುಮಾರು ಶೇಕಡಾ 9ರಷ್ಟು ಇಳಿದಿತ್ತು. ನೋವಿನ ಗಂಟೆಗಳು ಕಡಿಮೆಯಾಗುತ್ತವಾ ಅಂದರೆ, ಸ್ಪೇನಿನ ಒಂದು ಪ್ರಯೋಗದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಕಡಿಮೆಯಾಯಿತು. ಬೇರೆ ಕೆಲವು ಕಡೆ ಏನೂ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಲಾಭ ಖಂಡಿತ ಇದೆ, ಗ್ಯಾರಂಟಿ ಇಲ್ಲ. ಇನ್ನೊಂದು ಅಂಕಿ ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ 47. ನೀವು ಎಷ್ಟು ನಡೆದಿರಿ ಅನ್ನುವುದರ ಜೊತೆಗೆ ಯಾವ ಗೇಟಿನೊಳಗೆ ನಡೆದು ಹೋದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಆ ಹುಡುಗಿಯ ವಿಷಯ. ಅವಳು ದಿನಕ್ಕೆ ನಾಲ್ಕು ಮನೆಯ ನೆಲ ಒರೆಸುತ್ತಿದ್ದಳು. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಬರುತ್ತಿದ್ದಳು. ಇದು ವ್ಯಾಯಾಮ ಅಲ್ವಾ? ಅಲ್ಲ. ಯಾಕೆ ಅಲ್ಲ ಅನ್ನುವುದನ್ನು ಪುಣೆಯ ಪಕ್ಕದ ಆರು ಹಳ್ಳಿಗಳು ತೋರಿಸಿಕೊಟ್ಟವು. 1990ರ ದಶಕದಲ್ಲಿ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಜೊತೆಗಾರರು ಅಲ್ಲಿನ ಹೆಂಗಸರನ್ನು ಬಸಿರಿನ ಉದ್ದಕ್ಕೂ ಗಮನಿಸಿದರು. ಸರಾಸರಿ ತೂಕ 42 ಕೆ.ಜಿ., ಎತ್ತರ 152 ಸೆಂಟಿಮೀಟರ್. ನಮ್ಮ ಹುಡುಗಿಯ ಅಳತೆಯೇ. ಅವರು ಏನು ತಿಂದರು ಅಂತ ಮಾತ್ರ ಅಲ್ಲ, ಎಷ್ಟು ದುಡಿದರು ಅಂತಲೂ ಬರೆದುಕೊಂಡರು. ಬಾವಿಯಿಂದ ನೀರು ತರುವುದು, ಹೊಲದ ಕೆಲಸ, ಬಟ್ಟೆ ಒಗೆಯುವುದು. ಮೊದಲ ತಿಂಗಳುಗಳಲ್ಲೂ ನಡುವಿನ ತಿಂಗಳುಗಳಲ್ಲೂ ಜಾಸ್ತಿ ದುಡಿದವರ ಮಕ್ಕಳು ಹುಟ್ಟುವಾಗ ಹಗುರವಾಗಿದ್ದವು. ತಲೆಯ ಸುತ್ತಳತೆ, ತೋಳಿನ ಸುತ್ತಳತೆಯೂ ಕಡಿಮೆ.

ಕಾರಣ ಒಗಟೇನಲ್ಲ. ಮೈಯಲ್ಲಿ ಬುತ್ತಿ ಇಲ್ಲ, ತಟ್ಟೆಯಲ್ಲಿ ಸಾಲದು, ದುಡಿಮೆ ನಿಲ್ಲುವುದಿಲ್ಲ. ಮೂರೂ ಸೇರಿದಾಗ ಮಗುವಿನ ಪಾಲಿಗೆ ಕತ್ತರಿ ಬೀಳುತ್ತದೆ. ವ್ಯಾಯಾಮವನ್ನು ಸುಸ್ತಾದಾಗ ನಿಲ್ಲಿಸಬಹುದು, ನೀರು ಕುಡಿಯಬಹುದು, ಇವತ್ತು ಬೇಡ ಅನ್ನಬಹುದು. ಕೂಲಿ ಕೆಲಸದಲ್ಲಿ ಈ ಮೂರೂ ಇಲ್ಲ. ಭಾರ ಎತ್ತುವುದು, ಗಂಟೆಗಟ್ಟಲೆ ನಿಂತೇ ಇರುವುದು, ಇವು ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ ಅಂತ ಬೇರೆ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಇದರ ಮೇಲೆ ರಕ್ತಹೀನತೆ. ಅದೇ 2019–21ರ ಸಮೀಕ್ಷೆಯಲ್ಲಿ ಭಾರತದ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತ ಕಡಿಮೆ ಇತ್ತು. ಹೀಗಿರುವಾಗ "ಇನ್ನೂ ಓಡಾಡು" ಅನ್ನುವುದು ಸಲಹೆಯಲ್ಲ. ಅವಳಿಗೆ ಬೇಕಿದ್ದದ್ದು ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಿ ಮಲಗಲು ಜಾಗ, ಒಂದು ಮೊಟ್ಟೆ, ಕಬ್ಬಿಣದ ಮಾತ್ರೆ. ಅಂಗನವಾಡಿಯಲ್ಲಿ ಬಸುರಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಕರ್ನಾಟಕದಲ್ಲಿ 2017ರಿಂದ ಇದೆ. ಆದರೆ ಊಟದ ಹೊತ್ತಿಗೆ ಅವಳು ಎರಡನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಆ ಪುಣೆಯ ಮಕ್ಕಳ ಬಗ್ಗೆ ಇನ್ನೊಂದು ಮಾತು. ಅವು ಸುಮಾರು 2.7 ಕೆ.ಜಿ. ತೂಗುತ್ತಿದ್ದವು, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಮಕ್ಕಳು 3.5. ಸ್ನಾಯು ಕಡಿಮೆ, ಹೊಟ್ಟೆಯೂ ಚಿಕ್ಕದು. ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ. ನೋಡಲು ಸಣಕಲು, ಒಳಗೆ ಕೊಬ್ಬು. ಕಡಿಮೆ ಉಂಡ ತಾಯಿಯ ಮಗುವೂ, ಸಕ್ಕರೆ ಏರಿದ ತಾಯಿಯ ಮಗುವೂ ಬೇರೆ ಬೇರೆ ದಾರಿಯಲ್ಲಿ ಬಂದು ಅದೇ ಸಕ್ಕರೆ ಕಾಯಿಲೆಯ ಸಾಲಿನಲ್ಲಿ ನಿಲ್ಲುತ್ತವೆ.

ಈಗ ನಡೆಯಬೇಕಾದವರಿಗೆ ನಾಲ್ಕು ಮಾತು. ಮೊದಲು ಡಾಕ್ಟರನ್ನು ಕೇಳಿ. ಮಾಸು ಕೆಳಗೆ ಕೂತಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ರಕ್ತದೊತ್ತಡ ಏರಿದ್ದರೆ, ರಕ್ತ ತೀರಾ ಕಡಿಮೆ ಇದ್ದರೆ, ಕೆಲವು ಹೃದಯದ ತೊಂದರೆಗಳಿದ್ದರೆ ವ್ಯಾಯಾಮ ಬೇಡ. ಉಳಿದವರು ಇಲ್ಲಿಯವರೆಗೆ ಏನೂ ಮಾಡಿಲ್ಲದಿದ್ದರೆ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಸೆಖೆಯಲ್ಲಿ, ನೆತ್ತಿ ಮೇಲೆ ಬಿಸಿಲಿರುವಾಗ ಬೇಡ. ಐದನೇ ತಿಂಗಳ ನಂತರ ಅಂಗಾತ ಮಲಗಿ ಮಾಡುವ ವ್ಯಾಯಾಮ ಬಿಡಿ. ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಅದುಮಿ ತಲೆ ಸುತ್ತಿಸುತ್ತದೆ. ರಕ್ತ ಅಥವಾ ನೀರು ಹೋದರೆ, ಬಿಟ್ಟು ಬಿಟ್ಟು ನೋವು ಬಂದರೆ, ಎದೆ ಹಿಡಿದರೆ, ತಲೆ ಸಿಡಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬಸಿರಿನಲ್ಲಿ ತೂಕ ಇಳಿಸಲು ಡಯೆಟ್ ಮಾಡುವ ಹುಚ್ಚಿಗೆ ಮಾತ್ರ ಹೋಗಬೇಡಿ. ಇಲ್ಲಿ ಆಗಬೇಕಾದ್ದು ಏರುವ ವೇಗ ಕಡಿಮೆ ಮಾಡುವುದು ಅಷ್ಟೇ.

ಒಂಬತ್ತನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ನೆಲ ಒರೆಸಲು ಹಚ್ಚುತ್ತಾರಲ್ಲ, ಎಂಟು ತಿಂಗಳು ಮಂಚ ಬಿಟ್ಟಿಳಿಯದವಳಿಗೆ? ಅದರಿಂದ ಸೊಂಟ ಹಿಡಿಯುತ್ತದೆ. ಸಕ್ಕರೆಯಾಗಲಿ ತೂಕವಾಗಲಿ ಆ ಒಂದು ತಿಂಗಳಿನ ಮಾತು ಕೇಳುವುದಿಲ್ಲ.

ತಂಗಿಯ ಸಕ್ಕರೆ ಎರಡು ವಾರದಲ್ಲಿ ಹತೋಟಿಗೆ ಬಂತು. ಕೊನೆಯ ಮೂರು ತಿಂಗಳಲ್ಲಿ ನಾಲ್ಕು ಕೆ.ಜಿ. ಮಾತ್ರ ಏರಿದಳು. ಆದರೂ ಸಿಸೇರಿಯನ್ನೇ ಆಯಿತು. ಮಗು ಕೊನೆಯವರೆಗೂ ತಲೆ ಕೆಳಗೆ ಮಾಡಲಿಲ್ಲ. "ಅಷ್ಟು ನಡೆದಿದ್ದು ಸುಮ್ನೆ ಆಯ್ತಲ್ಲಕ್ಕಾ" ಅಂತ ಆಸ್ಪತ್ರೆಯ ಮಂಚದ ಮೇಲೆ ಅತ್ತಳು. ಸುಮ್ನೆ ಆಗಿರಲಿಲ್ಲ. ಮಗು 3.1 ಕೆ.ಜಿ., ಹುಟ್ಟಿದ ಮೇಲೆ ಸಕ್ಕರೆ ಇಳಿದು ಐಸಿಯು ಸೇರುವ ಪ್ರಸಂಗ ಬರಲಿಲ್ಲ. ಅವಳು ಮಾರನೇ ದಿನವೇ ಎದ್ದು ವಾರ್ಡಿನಲ್ಲಿ ಓಡಾಡಿದಳು.

ಆ ಹುಡುಗಿ ಏಳು ತುಂಬುತ್ತಿದ್ದಂತೆ ರಾಯಚೂರಿನ ಕಡೆಯ ತವರಿಗೆ ಹೋಗಿದ್ದಳು. ತಾಲ್ಲೂಕು ಆಸ್ಪತ್ರೆಯಲ್ಲಿ ನೋವು ಶುರುವಾದ ನಾಲ್ಕೇ ಗಂಟೆಗೆ ಹೆರಿಗೆ. ಚೊಚ್ಚಲ ಹೆರಿಗೆಯಾದರೂ ಅತ್ತೆ ಹೇಳಿದ ಹಾಗೇ ಸಲೀಸಾಯಿತು. ಹೆಣ್ಣು ಮಗು, 2.1 ಕೆ.ಜಿ. ಹಗಲೂ ರಾತ್ರಿ ಎದೆಗೆ ಅಂಟಿಸಿಕೊಂಡು ಬೆಚ್ಚಗಿಟ್ಟುಕೊಳ್ಳಿ ಅಂತ ನರ್ಸು ಹೇಳಿದ್ದಾರಂತೆ. ಫೋನಿನಲ್ಲಿ ಅಷ್ಟು ಹೇಳಿ ಅವಳು ತಂಗಿಯನ್ನು ಕೇಳಿದಳು: "ಅಕ್ಕಾ, ಕೆಲಸಕ್ಕೆ ಬೇರೆಯವ್ರನ್ನ ಇಟ್ಕೊಂಡ್ರಾ?"